ಮೇಲಿನ ಕಿಂಡಿಯ ಮರಳು

ಅಧ್ಯಕ್ಷರ ಕುರ್ಚಿಯಲ್ಲಿರುವ ಕಾರ್ಖಾನೆಯ ವ್ಯವಸ್ಥಾಪಕರೇ, ಅವರ ಪಕ್ಕದಲ್ಲಿ ಕುರ್ಚಿ ಸಿಕ್ಕ ಅತಿಥಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿರುವ ನನ್ನ ಪಾಳಿಯ ಸಭಿಕರೇ,

ಬಾಯ್ಲರ್ ತಳಕ್ಕೆ ಒತ್ತಡದ ಮಾಪಕ ಹಾಕಿಸುತ್ತೇವೆ ಅಂದಿರಿ. ಹಾಕಿಸಲಿಲ್ಲ. ಪಾಳಿಗೊಮ್ಮೆ ತಳದ ಕಲ್ಲು ಹೊರಗೆ ಬಿಡಲು ಅಪ್ಪಣೆ ಬರುತ್ತದೆ ಅಂದಿರಿ. ಬರಲಿಲ್ಲ. ಅಮಾನತಾದ ಜರಡಿ ಅಕ್ಕನ ಮಾತು ಕೇಳಿಯೇ ತೀರ್ಮಾನ ಅಂದಿರಿ. ಕೇಳಲಿಲ್ಲ. ನಾನು ಕೇಳದೇ ಇದ್ದ ಈ ಬೀಳ್ಕೊಡುಗೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಕೊಟ್ಟಿರಿ!

ಹೊರಗಿನವರಿಗೆ ಒಂದು ಮಾತು. ನಮ್ಮ ಬಾಯ್ಲರ್‌ನಲ್ಲಿ ರೈಸರ್ ಅಂತ ಹತ್ತು ಮಹಡಿ ಎತ್ತರದ ಕೊಳವೆ ಇದೆ. ಕೆಳಗಿನಿಂದ ಗಾಳಿ ಊದಿದರೆ ಕಾದ ಮರಳು, ಕಲ್ಲಿದ್ದಲು ಕುದಿಯುವ ನೀರಿನ ಹಾಗೆ ಏಳುತ್ತವೆ. ಸಣ್ಣ ಕಾಳು ನಡುವೆ ಹಾರಿ ತುದಿ ಮುಟ್ಟುತ್ತದೆ. ಒಂದಷ್ಟು ಗೋಡೆ ಸವರಿಕೊಂಡು ಕಳ್ಳನ ಹಾಗೆ ಕೆಳಗೆ ಜಾರುತ್ತದೆ. ದಪ್ಪ ಕಲ್ಲು? ಅದು ತಳ ಬಿಟ್ಟು ಏಳುವುದೇ ಇಲ್ಲ. ಹಾಗಾದರೆ ಮೇಲಿನ ಕಿಂಡಿಯಲ್ಲಿ ಮಾದರಿ ತೆಗೆಯಲು ಸೌಟು ಹಾಕಿದವನಿಗೆ ಸಿಗುವುದೇನು? ನುಣ್ಣನೆ ಮರಳು. ಯಾವತ್ತೂ ನುಣ್ಣನೆ ಮರಳು. ಆ ಸೌಟು ಹಾಕುತ್ತಿದ್ದವನು ನಾನು.

ಜರಡಿ ಅಕ್ಕ ತಳದ ಬೂದಿ ಸೋಸುವವಳು. "ಅಣ್ಣಾ, ಹೆಬ್ಬೆರಳಿನಷ್ಟು ಕಲ್ಲು ಬರ್ತಿದೆ. ತಳ ಕಟ್ಕೊಳ್ತಿದೆ, ಸಾಹೇಬ್ರಿಗೆ ಹೇಳ್ಬಿಡು" ಅಂದಳು.

"ಸುಮ್ನಿರಕ್ಕಾ, ಮೇಲೆ ಮರಳು ಹಿಟ್ಟಿನ ಹಾಗಿದೆ" ಅಂದೆ.

"ಹಿಟ್ಟು ನೋಡೋಕೆ ಗಿರಣಿಗೆ ಹೋಗು. ಬಾಯ್ಲರ್ ನೋಡೋಕೆ ಕೆಳಗೆ ಬಾ."

ಬಾಯಿ ಅಂದರೆ ಬಾಯಿ!

ನಾನು ಯಾಕೆ ಇಳಿಯಲಿಲ್ಲ? ಮೇಲೆ ತಂಗಾಳಿ, ಗೆಳೆಯರು, ಚಹಾ. ತಳದಲ್ಲಿ ಕಾವು, ಬೂದಿ, ಜೊತೆಗೆ ಅಕ್ಕನ ಬಾಯಿ. ನನ್ನ ಹೊಟ್ಟೆ ನೋಡಿ, ಇದು ಮೆಟ್ಟಿಲು ಹತ್ತಿಳಿದವನ ಹೊಟ್ಟೆಯೇ? ಜೋರಾಗಿ ನಗಬೇಡಿ, ನಮ್ಮ ಮನೆಯಾಕೆ ಮುಂದಿನ ಸಾಲಿನಲ್ಲೇ ಇದ್ದಾಳೆ.

ಅಕ್ಕ ಹೇಳಿದ ಒಂಬತ್ತನೇ ದಿನ ತಳ ಕಲ್ಲುಗಟ್ಟಿತು. ಗಾಳಿ ನುಗ್ಗಲಿಲ್ಲ. ಬಾಯ್ಲರ್ ನಿಂತಿತು. ತನಿಖೆಯ ಕಾಗದದಲ್ಲಿ ಏನು ಬರೆದಿತ್ತು? 'ಜರಡಿಯವಳು ಎಚ್ಚರಿಸಲಿಲ್ಲ.' ಅದರಡಿ ಸಾಕ್ಷಿಯ ಸಹಿ, ದುಂಡಗೆ, ಮುದ್ದಾಗಿ. ನನ್ನ ಅಕ್ಷರ ಬಹಳ ಚೆಂದ ಅಂತ ವ್ಯವಸ್ಥಾಪಕರು ಈಗತಾನೇ ಹೊಗಳಿದರಲ್ಲ, ಅದೇ ಅಕ್ಷರ! "ನಿವೃತ್ತಿಗೆ ಹದಿನೈದೇ ದಿನ, ನಿಮಗ್ಯಾಕ್ರೀ ತಕರಾರು?" ಅಂತ ಅವತ್ತು ಸಹಿ ಕೇಳಿದವರೂ ಇವರೇ. ಹಾಕಿದೆ. ನಾಚಿಕೆಗೇಡಿ ನಾನು, ಹಾಕಿಬಿಟ್ಟೆ.

ಮೈಕ್ ಆರಿಸಬೇಡಿ, ನನ್ನ ಗಂಟಲು ಬಾಯ್ಲರ್ ಸದ್ದಿನ ಮೇಲೆ ಕೂಗಿ ಪಳಗಿದ್ದು. ಅವಳು ಎಚ್ಚರಿಸಿದಳು. ನಾನು ಕೇಳಲಿಲ್ಲ. ನಾನು ಸುಳ್ಳು ಸಹಿ ಹಾಕಿದೆ. ಇಷ್ಟನ್ನೂ ಇದೇ ದುಂಡು ಅಕ್ಷರದಲ್ಲಿ ಬರೆದು ತಂದಿದ್ದೇನೆ, ತಗೊಳ್ಳಿ ಸಾಹೇಬರೇ. ಒಂದು ಪ್ರತಿ ಸಂಘದವರ ಕೈಯಲ್ಲಿದೆ.

ಅಕ್ಕನನ್ನು ಕೆಲಸದಿಂದ ತೆಗೆಯುವ ನಿಮ್ಮ ಸಭೆ ಗುರುವಾರ ಸಂಜೆ ನಾಲ್ಕಕ್ಕೆ. ಅವಳನ್ನು ಒಳಗೆ ಕರೆದುಕೊಂಡು ಬರುವವರು ನಾವು.

ಇಷ್ಟು ಹೊತ್ತು ಕಿವಿ ಕೊಟ್ಟವರಿಗೂ, ಕಿವಿ ಮುಚ್ಚಿಕೊಂಡವರಿಗೂ ಋಣಿ. ನಮಸ್ಕಾರ. ಗೋಡೆಗೆ ಒರಗಿದವರೇ, ಮರೆಯಬೇಡಿ, ನಾವು ಮೊದಲು ಸೇರುವುದು: ಗುರುವಾರ, ಮಧ್ಯಾಹ್ನ ಮೂರು ಗಂಟೆ, ರೈಸರ್ ಬುಡದಲ್ಲಿ.