ಅಲ್ರಾಯನ ಚಾರ್ಜರ್

ಹಲೋ... ಹಲೋ, ಯಾರು ಮಾತಾಡುವುದು? ಹೊಸಂಗಡಿಯ ಲ್ಯಾಪ್‌ಟಾಪ್ ಅಂಗಡಿಯಲ್ವಾ?

…

ಹಾಂ. ತುಷಾರ್ ಬೇಕಿತ್ತು, ರಿಪೇರಿ ನೋಡುವವರು... ನೀವೇಯಾ? ಸರಿ. ನಾನು ಜೂಲಿಯೆಟ್. ನಿನ್ನೆ ಸಂಜೆ ನಮ್ಮ ಪಕ್ಕದ ಮನೆಯ ಸಿಮೋನ್ ಅಂಕಲ್ ನಿಮ್ಮಲ್ಲಿಂದ ಒಂದು ಲ್ಯಾಪ್‌ಟಾಪ್ ತಂದದ್ದು, ದೊಡ್ಡ ಸ್ಕ್ರೀನಿನದ್ದು. ನೆನಪುಂಟಾ?

…

ಅವರೇ. ಬಿಳಿ ಗಡ್ಡದವರು. ಅದು ಹೊಸದು, ಆದರೆ ತುಂಬ ಸ್ಲೋ. ಸ್ಲೋ ಅಂದರೆ, ಒಂದು ಕಡೆ ಕ್ಲಿಕ್ ಮಾಡಿದರೆ ತೆರೆಯಲಿಕ್ಕೆ ನಾಲ್ಕು ನಿಮಿಷ. ಗಡಿಯಾರ ನೋಡಿಯೇ ಹೇಳುವುದು.

…

ಅಲ್ಲ, ನಾಳೆ ತರುವುದಲ್ಲ. ಈಗ ಸರಿಯಾಗಬೇಕು. ಈಗ ಮೂರು ಮೂವತ್ತೆಂಟು. ನಾಲ್ಕು ಗಂಟೆಗೆ ಶವಪೆಟ್ಟಿಗೆ ಮುಚ್ಚುತ್ತಾರೆ.

…

ನನ್ನ ಅಣ್ಣ, ಅಲ್ರಾಯ್. ಐರ್ಲೆಂಡಿನಲ್ಲಿ ನರ್ಸ್ ಆಗಿದ್ದ. ಸೋಮವಾರ ಡ್ಯೂಟಿ ಮುಗಿಸಿ ಬಂದು ಮಲಗಿದವ ಏಳಲಿಲ್ಲ. ಹೆಂಡತಿ ನೀತಾ, ಮಕ್ಕಳು ಎಲ್ಲ ಅಲ್ಲೇ. ಹಾಗಾಗಿ ಮಣ್ಣು ಕೂಡ ಅಲ್ಲೇ. ನಮ್ಮ ಮೂರೂವರೆಯಿಂದ ನಾಲ್ಕರವರೆಗೆ ಮುಖ ತೋರಿಸುವುದು, ನಂತರ ಮುಚ್ಚಿ ಇಗರ್ಜಿಗೆ ಕೊಂಡುಹೋಗುವುದು. ನೀತಾ ವಿಡಿಯೊ ಕಾಲ್ ಮಾಡಿದ್ದಾಳೆ. ಅಮ್ಮನಿಗೆ ಕಣ್ಣಿನ ಪೊರೆ, ಮೊಬೈಲಿನಲ್ಲಿ ಕಾಣುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪ್ ತಂದದ್ದು.

…

ಅದೆಲ್ಲ ಇರಲಿ ತುಷಾರ್, ಸಮಯ ಹೋಗ್ತದೆ. ಎಂತ ನೋಡಬೇಕು, ಹೇಳಿ.

…

ಬಿಸಿ ಇಲ್ಲ. ಅಡಿಯಲ್ಲಿ ಕೈಯಿಟ್ಟು ನೋಡಿದೆ. ಗಾಳಿ ಹೋಗಲಿ ಅಂತ ಎರಡು ಪುಸ್ತಕದ ಮೇಲೆ ಇಟ್ಟಿದ್ದೇನೆ. ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಅಪ್‌ಡೇಟ್ ಎಂತದೂ ಓಡ್ತಾ ಇಲ್ಲ. ನೆಟ್ ಸರಿ ಉಂಟು, ಅದೇ ವೈಫೈಯಲ್ಲಿ ಮೊಬೈಲಿನಲ್ಲಿ ವಿಡಿಯೊ ಬರ್ತಿತ್ತು.

…

ಟಾಸ್ಕ್ ಮ್ಯಾನೇಜರಾ? ತೆರೆದೇ ಉಂಟು. ಓದ್ತೇನೆ. ಸಿಪಿಯು ನೂರು ಶೇಕಡಾ. ಸ್ಪೀಡ್ ಸೊನ್ನೆ ಪಾಯಿಂಟ್ ಮೂರು ಒಂಬತ್ತು.

…

ಪುನಃ ನೋಡಿದೆ. ಸೊನ್ನೆ ಪಾಯಿಂಟ್ ಮೂರು ಒಂಬತ್ತು. ನಾನು ಆಸ್ಪತ್ರೆಯ ಲ್ಯಾಬಿನವಳು, ಅಂಕಿ ತಪ್ಪಿ ಓದುವುದಿಲ್ಲ. ಅದು ಎಷ್ಟಿರಬೇಕು?... ಮೂರರ ಮೇಲೆ. ಹಾಂ. ಹಾಗಾದರೆ ಸುಮಾರು ಎಂಟರಲ್ಲಿ ಒಂದು ಪಾಲು.

…

ಈಗ ಸ್ಕ್ರೀನಿನಲ್ಲಾ? ಹೂ ಕಾಣ್ತದೆ. ಬಿಳಿ ಹೂ, ಮತ್ತೆ ಯಾರದ್ದೋ ಕೋಟಿನ ತೋಳು. ಎಂಟು ನಿಮಿಷದಿಂದ ಅದೇ ತೋಳು. ಅಮ್ಮ ಎದುರು ಕೂತಿದ್ದಾರೆ. ಮುಖ ಯಾವಾಗ ಬರ್ತದೆ ಅಂತ ಮೂರು ಸಲ ಕೇಳಿದರು. ಸಿಮೋನ್ ಅಂಕಲ್ ಜಗಲಿಯಲ್ಲಿ ಕೂತು, "ಅಂಗಡಿಯವ ಶೋಕೇಸಿನ ಪೀಸ್ ದಾಟಿಸಿದ್ದು, ನೀನು ಅದರದ್ದೂ ರಕ್ತ ಪರೀಕ್ಷೆ ಮಾಡು" ಅಂತ ನನಗೆ ಹೇಳ್ತಿದ್ದಾರೆ. ನೀವು ಬೇಜಾರು ಮಾಡಬೇಡಿ, ಅವರು ಯಾವಾಗಲೂ ಹಾಗೆಯೇ.

…

ಚಾರ್ಜರ್ ಹಾಕಿಯೇ ಉಂಟು. ಹಾಂ?... ಯಾವುದು ಅಂದರೆ?

…

ಇಲ್ಲ, ಬಾಕ್ಸಿನದ್ದಲ್ಲ. ಬಾಕ್ಸಿನದ್ದು ಪ್ಲಾಸ್ಟಿಕ್ ಬಿಚ್ಚದೆ ಕಪಾಟಿನಲ್ಲಿ ಉಂಟು. ಇದು ಅಲ್ರಾಯನ ಹಳೆ ಲ್ಯಾಪ್‌ಟಾಪಿನದ್ದು. ಕಳೆದ ಸಲ ರಜೆಗೆ ಬಂದವ ಬಿಟ್ಟುಹೋದದ್ದು. ಅಮ್ಮ ಸುತ್ತಿ ತೆಗೆದಿಟ್ಟಿದ್ದರು, ನಿನ್ನೆ ಅವರೇ ತಂದುಕೊಟ್ಟರು. ಅವನದ್ದಿರುವಾಗ ಹೊಸದು ಯಾಕೆ ಬಿಚ್ಚುವುದು ಅಂತ. ಪಿನ್ ಸರಿ ಕೂತಿತು. ಬ್ಯಾಟರಿ ಕೂಡ ಸ್ವಲ್ಪ ಏರಿದೆ.

…

ತಿರುಗಿಸಿ ನೋಡಿದೆ. ನಲವತ್ತೈದು ವ್ಯಾಟ್. ಹೊಸದರದ್ದು?... ಅರವತ್ತೈದು. ಹಾಂ.

…

ಬಂದಿತ್ತು. ಆನ್ ಮಾಡುವಾಗೆಲ್ಲ ಕಪ್ಪು ಸ್ಕ್ರೀನಿನಲ್ಲಿ ಚಾರ್ಜರ್ ಬಗ್ಗೆ ಎರಡು ಸಾಲು ಇಂಗ್ಲಿಷ್. ನಾನು ಎಂಟರ್ ಒತ್ತಿದೆ. ಓದಲಿಲ್ಲ. ಬೇರೆ ದಿನವಾದರೆ ಓದ್ತಿದ್ದೆ.

…

ಗೊತ್ತಾಯಿತು. ತನ್ನ ಚಾರ್ಜರ್ ಅಲ್ಲ ಅಂತ ಗೊತ್ತಾದರೆ ಅದು ತಾನಾಗಿಯೇ ನಿಧಾನ ಆಗುವುದು. ಹಾಳಾದದ್ದಲ್ಲ. ಹಾಗಾದರೆ ಇದನ್ನು ತೆಗೆಯಬೇಕು, ಅಲ್ವಾ?... ಒಂದು ನಿಮಿಷ. ಅಮ್ಮ ಅದರ ವಯರ್ ಹಿಡಿದುಕೊಂಡು ಕೂತಿದ್ದಾರೆ.

…

ತೆಗೆದೆ.

…

ಸ್ಪೀಡ್ ಒಂದು ಪಾಯಿಂಟ್ ಎರಡು. ಎರಡು ಪಾಯಿಂಟ್ ಎಂಟು. ಮೂರು ಪಾಯಿಂಟ್ ಒಂದು. ತೋಳು ಹೋಯಿತು. ಜನ ನಡೆಯುವುದು ಕಾಣ್ತದೆ. ನೀತಾ ಮೊಬೈಲ್ ತಿರುಗಿಸ್ತಿದ್ದಾಳೆ. ಹಾಂ... ಬಂತು.

…

ಇದ್ದೇನೆ. ಫೋನ್ ಇಡಬೇಡಿ, ಪುನಃ ನಿಂತರೆ ಕಷ್ಟ. ಬ್ಯಾಟರಿ ನಲವತ್ತೊಂದು ಉಂಟು, ಸಾಕಾಗ್ತದೆ. ಅಮ್ಮ ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿದ್ದಾರೆ. ಅವನ ಮೀಸೆ ತೆಗೆದಿದ್ದಾರೆ ಅಂತ ಹೇಳಿದರು. ಹೌದು, ತೆಗೆದಿದ್ದಾರೆ. ನನಗೆ ಗೊತ್ತಾಗಲಿಲ್ಲ. ಪೊರೆಯ ಕಣ್ಣಿಗೆ ಕಂಡಿತು.

…

ಮೂರು ಐವತ್ತೇಳು. ಕಪ್ಪು ಕೋಟಿನ ಇಬ್ಬರು ಬಂದರು. ನೀತಾ ಬದಿಗೆ ಸರಿದಳು.

…

ಚೆನ್ನಾಗಿಯೇ ಓಡ್ತಾ ಉಂಟು. ಎಲ್ಲಿಯೂ ನಿಲ್ಲುವುದಿಲ್ಲ. ಮುಚ್ಚಳ ಎತ್ತಿಕೊಂಡರು. ಅಮ್ಮ ಸ್ಕ್ರೀನಿನ ಮೇಲೆ ಕೈ ಅಡ್ಡ ಹಿಡಿದಿದ್ದಾರೆ. "ಜೂಲಿ, ಸ್ವಲ್ಪ ನಿಲ್ಲಲಿಕ್ಕೆ ಹೇಳು" ಅಂತ ನನ್ನ ಹತ್ತಿರ ಹೇಳ್ತಿದ್ದಾರೆ.

…

ತುಷಾರ್, ಒಂದು ಕೇಳ್ತೇನೆ. ಈ ಹಳೆ ಚಾರ್ಜರ್ ಪುನಃ ಹಾಕಿದರೆ ಚಿತ್ರ ಪುನಃ ನಿಲ್ತದೆ, ಅಲ್ವಾ? ಎಷ್ಟು ಸೆಕೆಂಡ್ ಬೇಕು?

…

ಅಲ್ಲಿ ನಿಲ್ಲುವುದಿಲ್ಲ, ನನಗೆ ಗೊತ್ತುಂಟು. ಇಲ್ಲಿ ನಿಂತರೆ ಸಾಕು. ವಯರ್ ನನ್ನ ಕೈಯಲ್ಲೇ ಉಂಟು. ಹೇಳಿ, ಎಷ್ಟು... ಹಲೋ? ತುಷಾರ್, ಕೇಳ್ತದಾ? ಹಲೋ...