ಹೋಗಿ ಎಂದಿದ್ದರೆ

ಕಣ್ಣಾಸ್ಪತ್ರೆಯಲ್ಲಿ ಔಷಧಿ ಹಾಕಿಸಿಕೊಂಡು ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರು ವೃದ್ಧರು. ಒಬ್ಬರು ಹಿಂದೆ ರಕ್ಷಣಾ ಮಂತ್ರಿಯಾಗಿದ್ದವರು, ಇನ್ನೊಬ್ಬರು ಆಗಿನ ಸೇನಾ ಮುಖ್ಯಸ್ಥರು ಎಂಬುದು ಮಾತಿನಿಂದಲೇ ತಿಳಿಯಿತು.

“ಮಂತ್ರಿಗಳೇ, ನಿಮಗೊಂದು ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು.”

“ಯಾತಕ್ಕೆ, ಜನರಲ್ ಸಾಹೇಬ್ರೇ?”

“ಸಮುದ್ರದಾಚೆಗೆ ಪಡೆ ಕಳಿಸೋವಾಗ, ಗಾಯಗೊಂಡೋರನ್ನ ಹೊತ್ತು ತರೋ ಹೆಲಿಕಾಪ್ಟರ್ ಸಿಗೋವರೆಗೂ ತಡೀರಿ ಅಂದೆ. ತಡೆದ್ರಿ. ಊರೆಲ್ಲ ನಿಮ್ಮನ್ನ ಪುಕ್ಕಲ ಅಂತು.”

“ಅನ್ನೋರ ಬಾಯಿಗೆ ಬೀಗ ಹಾಕೋಕಾಗತ್ಯೇ?”

“ಸದನದಲ್ಲಿ ನನ್ನ ಹೆಸರು ಹೇಳಿದ್ರೆ ನೀವು ಬಚಾವಾಗ್ತಿದ್ರಿ.”

“ಸಲಹೆ ನಿಮ್ದು, ತೀರ್ಮಾನ ನಂದು. ಬೈಗುಳ ಮಾತ್ರ ನಿಮಗ್ಯಾಕೆ ದಾಟಿಸ್ಲಿ?”

“ಆಮೇಲೆ ಹೆಲಿಕಾಪ್ಟರ್ ಸಮೇತ ಹೋದ್ವಿ. ಗಾಯಗೊಂಡ ನಮ್ಮ ಹುಡುಗರೆಲ್ಲ ಜೀವಂತ ವಾಪಸ್ ಬಂದ್ರು. ಮೊನ್ನೆ ಅವರಲ್ಲೊಬ್ಬ ತನ್ನ ಮಗಳ ಮದುವೆಗೆ ಕರೆಯೋಕೆ ಬಂದಿದ್ದ.”

ಮಂತ್ರಿಗಳು ಜನರಲ್ ಕಡೆಗೆ ತಿರುಗಿ ಕೂತರು.

“ಒಂದು ಕೇಳ್ತೀನಿ. ನಿಮ್ಮ ಮಾತು ಬದಿಗಿಟ್ಟು ನಾನು ಹೋಗಿ ಅಂದಿದ್ರೆ?”

“ಹೋಗ್ತಿದ್ವಿ. ಬೇಡ ಅನ್ನೋದನ್ನ ನಿಮ್ಮೆದುರು ಹೇಳಿಯಾಗಿತ್ತು. ಆಮೇಲೆ ಅಪ್ಪಣೆ ಅಂದ್ರೆ ಅಪ್ಪಣೆ.”

“ಅದು ಗೊತ್ತಿತ್ತು. ಅದಕ್ಕೇ ಆ ಅಪ್ಪಣೆಗೆ ಸಹಿ ಹಾಕೋಕೆ ಭಯ ಆಯ್ತು.”

ದಾದಿ ಕರೆದಳು. ಮಂಜುಗಣ್ಣಿನ ಇಬ್ಬರೂ ಒಬ್ಬರ ತೋಳನ್ನೊಬ್ಬರು ಹಿಡಿದು, ಯಾರು ಯಾರನ್ನು ನಡೆಸುತ್ತಿದ್ದಾರೆಂದು ತಿಳಿಯದ ಹಾಗೆ, ಮೆಲ್ಲಗೆ ಒಳಗೆ ಹೋದರು.