ಬಂಗಾರಕ್ಕನ ಗಿಡ, ನಮ್ಮ ಮನೆಯ ದನ

ನನಗಿಂತ ಎತ್ತರದ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಹೆಡ್ ಮಾಸ್ತರರಾದ ಗುರುದತ್ತ ಅವರೇ, ಮಾದಕ ವಸ್ತು ವಿರೋಧಿ ದಿನವೆಂದು ಆಟದ ಪಿರಿಯಡ್ ಕಳೆದುಕೊಂಡ ಮಕ್ಕಳೇ, ಅವರ ಮನೆಯವರೇ, ಭಟ್ಕಳದ ಸಭಿಕರೇ,

ಅಬಕಾರಿ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸವೆಸಿ ಹೋದ ತಿಂಗಳು ನಿವೃತ್ತನಾದ ಈ ಮಾಬ್ಲೇಶ್ವರನಿಗೆ ಶಾಲು ಹೊದಿಸಿದ್ದೀರಿ. ಹೆಡ್ ಮಾಸ್ತರರು ನನ್ನನ್ನು 'ಗಾಂಜಾ ಬೆಳೆಯುವವರ ಸಿಂಹಸ್ವಪ್ನ' ಎಂದರು. ಸಿಂಹಸ್ವಪ್ನ! ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಮಾಲಿನಿ ನಕ್ಕಿದ್ದು ನಿಮಗೂ ಕೇಳಿಸಿರಬೇಕು. ಹಲ್ಲಿ ಕಂಡರೆ ಕುರ್ಚಿ ಹತ್ತುವವನು ನಾನು.

ನನ್ನ ಸಾಧನೆಯೆಂದು ಅವರು ಓದಿದ್ದು ಒಂದೇ ಕೇಸು. ತೊಂಬತ್ತೆಂಟನೇ ಇಸವಿ, ಮುಟ್ಟಳ್ಳಿ, 'ಬಾತ್ಮೀದಾರರ ಖಚಿತ ಮಾಹಿತಿಯ ಮೇರೆಗೆ ದಾಳಿ'. ಯಾರು ಆ ಬಾತ್ಮೀದಾರರು? ನೌಕರಿಯಲ್ಲಿದ್ದಾಗ ಹೇಳುವಂತಿರಲಿಲ್ಲ. ಈಗ ಹೇಳುತ್ತೇನೆ. ನಮ್ಮ ಮನೆಯ ದನ.

ನಗಬೇಡಿ. ದನಕ್ಕೆ ಭೇದಿ ಹಿಡಿದಿತ್ತು. ಹಳಬರು ದನದ ಭೇದಿಗೆ ಭಂಗಿ ಸೊಪ್ಪು, ಅಂದರೆ ಈ ಗಾಂಜಾ ಗಿಡದ ಎಲೆಯನ್ನೇ, ಅರೆದು ಬೆಲ್ಲದ ಜೊತೆ ತಿನ್ನಿಸುತ್ತಿದ್ದರು. ನಮ್ಮಮ್ಮ, "ಬಂಗಾರಿ ಕೊಟ್ಟಿಗೆ ಹಿಂದೆ ಒಂದ್ ಗಿಡ ಅದೆ. ನಾಲ್ಕ್ ಎಲೆ ಇಸ್ಕಂಡ್ ಬಾ" ಅಂದಳು. ಹೋದೆ. ನೆರೆಮನೆಯ ಬಂಗಾರಕ್ಕ ನನ್ನ ಖಾಕಿ ನೋಡಿಯೂ ಹೆದರದೆ, ಎಲೆ ಕೊಯ್ದು ಬಾಳೆಲೆಯಲ್ಲಿ ಕಟ್ಟಿ ಕೊಟ್ಟಳು. ಮೂರು ದಿನಕ್ಕೆ ದನ ಎದ್ದು ಹುಲ್ಲು ತಿಂದಿತು.

ಆ ವರ್ಷ ನನ್ನ ಹೆಸರಿನಲ್ಲಿ ಒಂದೂ ಗಾಂಜಾ ಕೇಸಿರಲಿಲ್ಲ. ಜೊತೆಯವರು ಹೊನ್ನಾವರ, ಕುಮಟಾ ಎಂದು ಓಡಾಡಿ ಮೂಟೆ ಮೂಟೆ ಹಿಡಿದಿದ್ದರು. ಹೆದ್ದಾರಿಯಲ್ಲಿ ಮೂಟೆ ಸಾಗಿಸುವವರನ್ನು ತಡೆಯಲು ಧೈರ್ಯ ಬೇಕು, ಜೀಪು ಬೇಕು. ನನಗೆ ಎರಡೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ಗಿಡ.

ಪಂಚರನ್ನು ಕರೆದುಕೊಂಡು ಹೋಗಿ ಕಿತ್ತೆ. ಅವತ್ತು ಜೀಪೂ ಸಿಕ್ಕಿತು, ಗಿಡದ ಜೊತೆ ಬಂಗಾರಕ್ಕನನ್ನೂ ಹತ್ತಿಸಿದೆ. ಜಾಮೀನು ಸಿಗುವವರೆಗೆ ಹನ್ನೊಂದು ದಿನ ಜೈಲು. ಎರಡು ವರ್ಷ ಕಾರವಾರದ ಕೋರ್ಟಿಗೆ ಬಸ್ಸಿನಲ್ಲಿ ಓಡಾಟ. ಅರವತ್ತು ದಾಟಿದ ಹೆಂಗಸು, ಅಲ್ಲಿಯವರೆಗೆ ಇಡಗುಂಜಿಯಿಂದ ಆಚೆ ಹೋದವಳಲ್ಲ.

ಒಂದು ದಿನ ನ್ಯಾಯಾಧೀಶರು ಕೇಳಿದರು, ಈ ಎಲೆ ಯಾರಿಗಾದರೂ ಕೊಟ್ಟಿದ್ದೀಯಾ ಎಂದು. ಅವಳು ನನ್ನ ಕಡೆ ನೋಡಿದಳು. "ಮನ್ಷರ್ಗೆ ಯಾರ್ಗೂ ಕೊಡ್ಲಿಲ್ಲ ಸಾಯೇಬ್ರೆ. ದನಕ್ಕೆ" ಅಂದಳು. ಯಾರ ದನಕ್ಕೆಂದು ಹೇಳಲಿಲ್ಲ.

ಕೊನೆಗೆ ಕೇಸಿನಿಂದ ಅವಳ ಬಿಡುಗಡೆಯಾಯಿತು. ಹೇಗೆ ಗೊತ್ತೇ? ಪಂಚನಾಮೆಯಲ್ಲಿ ನಾನು ಬರೆದ ಸರ್ವೆ ನಂಬರು ನಮ್ಮದೇ ಹಿತ್ತಿಲದ್ದು! ಕಾಗದದ ಪ್ರಕಾರ ಗಿಡ ಬೆಳೆದದ್ದು ನನ್ನ ಮನೆಯಲ್ಲಿ. ಬೇಕೆಂದೇ ಹಾಗೆ ಬರೆದೆ ಎಂದರೆ ಈ ಶಾಲಿಗೆ ಒಂದು ಮರ್ಯಾದೆ ಬರುತ್ತಿತ್ತು. ಅಲ್ಲ, ಅವಸರದಲ್ಲಿ ಬಾಯಿಪಾಠವಿದ್ದ ನಂಬರು ಗೀಚಿದ್ದೆ. ಅದಕ್ಕೆ ಸಿಕ್ಕ ಮೆಮೋವನ್ನು ಹೆಡ್ ಮಾಸ್ತರರು ಓದಲಿಲ್ಲ, ಅದು ಅವರ ದೊಡ್ಡತನ.

ಹೊರಗೆ ಬಂದು, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿರೆ ನಿನ್ ನೌಕ್ರಿ ಹೋಗ್ತಿತ್ತಲ ಮಾರಾಯ. ಅದಿರ್ಲಿ, ದನ ಹೆಂಗದೆ?" ಅಂದಳು.

ನಾನು ಬಸ್ಸಿನ ಕಡೆ ಓಡಿದೆ. ಅಂದಿನಿಂದ ಇವತ್ತಿನವರೆಗೆ ಐದು ವರ್ಷ, ಅವಳ ಮನೆಯೆದುರಿನ ದಾರಿ ಬಿಟ್ಟು ಗದ್ದೆಯಂಚಿನಲ್ಲಿ ಸುತ್ತಿ ಹೋಗುತ್ತಿದ್ದೇನೆ. ಸಿಂಹಸ್ವಪ್ನ ನೋಡಿ.

ಇವತ್ತು ಪ್ರಬಂಧದ ಮೊದಲ ಬಹುಮಾನವನ್ನು ದೀಪಾಳಿಗೆ ನನ್ನ ಕೈಯಿಂದ ಕೊಡಿಸಿದಿರಿ. ಅವಳು ಕೆಳಗಿಳಿದು ಮೂರನೇ ಸಾಲಿನಲ್ಲಿ ತನ್ನ ಅಜ್ಜಿಯ ಪಕ್ಕ ಕುಳಿತಾಗ ಆ ಅಜ್ಜಿಯ ಮುಖ ಕಂಡೆ. ಬರೆದು ತಂದ ಭಾಷಣ ಜೇಬಿನಲ್ಲೇ ಉಳಿಯಿತು.

ಮಕ್ಕಳೇ, ಗಾಂಜಾ ಮನೆ ಹಾಳು ಮಾಡುತ್ತದೆ, ಮುಟ್ಟಬೇಡಿ. ಮಾರುವವರನ್ನು ಹಿಡಿಯಲೇಬೇಕು. ಹಿಡಿಯುವವನು ಮಾತ್ರ ನನ್ನಂಥವನಾಗಬಾರದು.

ಬಂಗಾರಕ್ಕ, ನನ್ನಿಂದ ದೊಡ್ಡ ತಪ್ಪಾಯಿತು. ನೀನು ಕೇಳಿದ್ದೆಯಲ್ಲ, ದನ ಚೆನ್ನಾಗಿತ್ತು. ಅದರ ಕರು ದೊಡ್ಡದಾಗಿ ಈಗ ನಮ್ಮ ಕೊಟ್ಟಿಗೆಯಲ್ಲಿ ಹಾಲು ಕೊಡುತ್ತಿದೆ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ಧನ್ಯವಾದಗಳು. ನಿಮಗೆಲ್ಲ ಕೈಮುಗಿದು, ಮೂರನೇ ಸಾಲಿಗೆ ತಲೆಬಾಗಿ, ನಮಸ್ಕಾರ.